ಜನಮತದ ಸಕ್ಕರೆ ಬಟ್ಟಲು

ಟಾಲ್‌ವಿಕ್ ಊರಿನ ಸಂಸತ್ ಸದಸ್ಯ ಆಲ್ಗೋಟ್ ವಿಡೆಲ್ ಆ ಶನಿವಾರ ಬೆಳಿಗ್ಗೆ ಕ್ಷೌರಕ್ಕೆ ಹೋಗದೇ ಇದ್ದಿದ್ದರೆ ಯಾವ ರಾಮಾಯಣವೂ ಆಗುತ್ತಿರಲಿಲ್ಲ. ಸೋಮವಾರ ಸ್ಟಾಕ್‌ಹೋಮಿಗೆ ರೈಲು ಹತ್ತಬೇಕಿತ್ತು, ಕೂದಲು ಕಾಲರಿನ ಮೇಲೆ ಇಳಿದಿತ್ತು, ಹೋದ.

ಕ್ಷೌರದ ಯಾಲ್ಮಾರ್ ಕೂದಲು ಕತ್ತರಿಸಿ, ಗಡ್ಡಕ್ಕೆ ನೊರೆ ಹಚ್ಚಿ, ಕತ್ತಿ ಮಸೆದು, ಗಂಟಲಿಗೆ ಇಟ್ಟು ಕೇಳಿದ. "ಮೆಂಬರ್ ಸಾಹೇಬ್ರು ಎಡಕ್ಕೇ ತಾನೆ ವೋಟ್ ಹಾಕೋದು?"

ಗಂಟಲಿನ ಮೇಲೆ ಕತ್ತಿ ಇದ್ದಾಗ ರಾಜಕಾರಣಿಯಾದವನು ನಿಜ ಹೇಳಬಾರದು. ಆಲ್ಗೋಟ್ ಹೇಳಿಬಿಟ್ಟ. "ಇನ್ನೂ ತೀರ್ಮಾನ ಮಾಡಿಲ್ಲ ಯಾಲ್ಮಾರ್."

ಕತ್ತಿ ನಿಂತಿತು. "ತೀರ್ಮಾನ ಮಾಡೋಕೆ ತಾವ್ಯಾರು? ಎಂಟು ವರ್ಷದ ಹಿಂದೆ ನಾವೇ ಮಾಡಿ ಆಗಿದೆಯಲ್ಲ."

ಅದೂ ಸರಿಯೇ. ಗಾಡಿಗಳು ಎಡಕ್ಕೆ ಓಡಲೋ ಬಲಕ್ಕೆ ಓಡಲೋ ಎಂದು ಸರ್ಕಾರ ಇಡೀ ಸ್ವೀಡನ್ನನ್ನೇ ಕೇಳಿತ್ತು. ಅಕ್ಕಪಕ್ಕದ ದೇಶದವರೆಲ್ಲ ಬಲಕ್ಕೆ ಓಡಿಸಿದರೆ ಓಡಿಸಲಿ, ನಮಗೆ ಎಡವೇ ಇರಲಿ ಎಂದು ಜನ ಸಾರಾಸಗಟಾಗಿ ಹೇಳಿದ್ದರು. ಈಗ ಸಂಸತ್ತು, ಅದು ಬರೀ ಸಲಹೆ ಅಷ್ಟೆ ಎಂದು ಬಲದ ಮಸೂದೆಯನ್ನು ತಂದಿತ್ತು. ಆಲ್ಗೋಟನಿಗೂ ಒಳಗೊಳಗೆ ಬಲವೇ ಸರಿ ಅನ್ನಿಸಿತ್ತು. ಹಾಗೆಂದು ಬಾಯಿ ಬಿಟ್ಟರೆ ಮುಂದಿನ ಚುನಾವಣೆಯಲ್ಲಿ ಕುರ್ಚಿ ಹೋಗುತ್ತಿತ್ತು. ಕುರ್ಚಿ ಹೋದರೆ ಭಾಮೈದ ರಗ್ನಾರನ ಮೀನು ಒಣಗಿಸುವ ಹೊಗೆಮನೆಯಲ್ಲಿ ಹೆರಿಂಗ್ ಮೀನಿನ ಹೊಟ್ಟೆ ಸೀಳುವುದೊಂದೇ ದಾರಿ. ಹದಿನೈದು ವರ್ಷದ ಹಿಂದೆ ಅಲ್ಲಿಂದ ತಪ್ಪಿಸಿಕೊಂಡು ಬಂದವನು ಅವನು. ಇವತ್ತಿಗೂ ಕನಸಿನಲ್ಲಿ ಆ ವಾಸನೆ ಬಂದರೆ ಎದ್ದು ಕೂರುತ್ತಿದ್ದ.

ಅರ್ಧ ಗಡ್ಡ ಬೋಳಿಸಿದ ಮೇಲೆ ಯಾಲ್ಮಾರ್ ಕತ್ತಿ ಒರೆಸಿಟ್ಟ. "ಮಿಕ್ಕಿದ್ದು ತೀರ್ಮಾನ ಆದ್ಮೇಲೆ."

ಒಂದು ಕೆನ್ನೆಗೆ ಕರವಸ್ತ್ರ ಒತ್ತಿಕೊಂಡು ಬೀದಿಗಿಳಿಯುವಷ್ಟರಲ್ಲಿ ಸುದ್ದಿ ಅವನಿಗಿಂತ ಮುಂದೆ ಹೋಗಿತ್ತು. ಬೇಕರಿಯಾಕೆ ಮೊನ್ನೆಯ ಬನ್ನು ಕಟ್ಟಿಕೊಟ್ಟು ಇವತ್ತಿನ ದುಡ್ಡು ಇಸಿದುಕೊಂಡಳು. ಸೇತುವೆಯ ಬಳಿ ಸಿಕ್ಕಿದ ವಾಲ್ಬೋರಿ ಟೀಚರು, ಅವನಿಗೆ ಮಗ್ಗಿ ಕಲಿಸಿದವರು, ಕೊಡೆಯ ತುದಿಯಿಂದ ಎದೆಗೆ ತಿವಿದರು.

"ಜನ ಹೇಳಿದ್ದಕ್ಕೆಲ್ಲ ತಲೆ ಆಡಿಸೋಕೆ ಕೋಲೆ ಬಸವ ಸಾಕು ಕಣೋ ಆಲ್ಗೋಟ್. ನಿನ್ನ ಸ್ವಂತ ಬುದ್ಧಿ ಉಪಯೋಗ್ಸು. ನಂಗೆ ಅದರ ಮೇಲೆ ಪೂರ್ತಿ ನಂಬ್ಕೆ ಇದೆ."

ಮನೆ ಬಾಗಿಲಲ್ಲಿ ರಗ್ನಾರ್ ಕಾದಿದ್ದ. ಕೈಯಲ್ಲಿ ಮೇಣದ ಬಟ್ಟೆಯ ಹೊಸ ಏಪ್ರನ್. "ಇರ್ಲಿ ಅಂತ ಹೊಲ್ಸಿಟ್ಟೆ ಭಾವ. ಆತುರ ಏನಿಲ್ಲ."

ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಆಲ್ಗೋಟನಿಗೆ ಆಗ ಒಂದು ಉಪಾಯ ಹೊಳೆಯಿತು. ಅವನ ಎಲ್ಲ ಉಪಾಯಗಳಂತೆ ಇದೂ ಹೊಳೆಯುವಾಗ ಬಹಳ ಚೆನ್ನಾಗಿತ್ತು. ಮಧ್ಯಾಹ್ನ ಚರ್ಚಿನ ಸಭಾಂಗಣದಲ್ಲಿ ಊರಿನವರೆಲ್ಲ ಸೇರುವ ಕಾಫಿ ಕೂಟವಿತ್ತು. ಅಲ್ಲೇ ಜನರನ್ನು ಕೇಳಿಬಿಡುವುದು: ಸದಸ್ಯನಾದವನು ಜನಮತಕ್ಕೆ ಕಟ್ಟುಬೀಳಬೇಕೋ, ಸ್ವಂತ ಬುದ್ಧಿಯಂತೆ ನಡೆಯಬೇಕೋ? ಚೀಟಿ ಬರೆಯುವ ರಗಳೆ ಬೇಡ. ತಲೆಗೊಂದು ಸಕ್ಕರೆ ಬಿಲ್ಲೆ. ಪರದೆಯ ಹಿಂದೆ ಎರಡು ಬಟ್ಟಲು: ಕಟ್ಟುಬೀಳಬೇಕು ಅನ್ನುವವರು ನೀಲಿಗೆ ಹಾಕಲಿ, ಸ್ವಂತ ಬುದ್ಧಿ ಅನ್ನುವವರು ಹಳದಿಗೆ.

ಊರು ಸಾಲುಗಟ್ಟಿತು. ಪರದೆಯ ಮುಂದೆ ಪಾದ್ರಿಗಳು ಕಾವಲು ನಿಂತರು. ಮೊದಲು ಒಳಗೆ ಹೋದವನು ಆಲ್ಗೋಟನೇ. ಕಡೆಗೆ ಹೋದ ವಾಲ್ಬೋರಿ ಟೀಚರು ಹೊರಗೆ ಬಂದು ಅವನ ಬೆನ್ನು ತಟ್ಟಿದರು. ವೋಟು ಮುಗಿದ ಮೇಲೆ ಕಾಫಿ ಬಂತು. ಬೆಂಚಿನ ಮುದುಕರು ವಾಡಿಕೆಯಂತೆ ಹಲ್ಲಿನ ನಡುವೆ ಸಕ್ಕರೆ ಬಿಲ್ಲೆ ಕಚ್ಚಿ, ಬಸಿಯಿಂದ ಕಾಫಿಯನ್ನು ಸೊರ್ರೆಂದು ಎಳೆದರು. ಎರಡನೇ ಸುತ್ತೂ ಆಯಿತು, ಮೂರನೆಯದೂ ಆಯಿತು. ಆಮೇಲೆ ಪಾದ್ರಿಗಳು ಪರದೆ ಸರಿಸಿ ಬಟ್ಟಲುಗಳನ್ನು ಎತ್ತಿ ತೋರಿಸಿದರು. ಎಣಿಸುವ ಅಗತ್ಯವೇ ಇರಲಿಲ್ಲ. ಹಳದಿಯಲ್ಲಿ ರಾಶಿ, ನೀಲಿಯಲ್ಲಿ ತಳ.

ಆಲ್ಗೋಟನ ಕಣ್ಣು ತುಂಬಿ ಬಂತು. ಹದಿನೈದು ವರ್ಷದಲ್ಲಿ ಈ ಊರು ಅವನ ಬುದ್ಧಿಗೆ ಇಷ್ಟು ಮರ್ಯಾದೆ ಕೊಟ್ಟಿದ್ದು ಇದೇ ಮೊದಲು. ಕುರ್ಚಿಯ ಮೇಲೆ ಹತ್ತಿ ನಿಂತು, "ಹಾಗಾದ್ರೆ ಕೇಳಿ, ನನ್ನ ವೋಟು ಬಲಕ್ಕೆ" ಎಂದು ಘೋಷಿಸಿಯೇಬಿಟ್ಟ.

"ಇದೆಲ್ಲ ಬರೀ ಸಲಹೆ ಸ್ವಾಮಿ," ಎಂದು ಯಾಲ್ಮಾರ್ ಎದ್ದು ನಿಂತ. "ಸಕ್ಕರೆ ಬಿಲ್ಲೆ ಹೇಳ್ತು ಅಂತ ಕೇಳ್ಬೇಕು ಅಂತೇನಿಲ್ಲ. ಮೆಂಬರ್ ಸಾಹೇಬ್ರು ಸ್ವಲ್ಪ ಸ್ವಂತ ಬುದ್ಧಿ ಉಪಯೋಗಿಸ್ಬೇಕು."

ವಾಲ್ಬೋರಿ ಟೀಚರು ಕನ್ನಡಕ ಏರಿಸಿ ಬಟ್ಟಲುಗಳನ್ನು ಎರಡೆರಡು ಸಲ ನೋಡಿದರು. ಆಮೇಲೆ ಕೊಡೆ ಕುಟ್ಟಿದರು. "ಜನ ಹೇಳಿದ್ದಾಯ್ತು. ಜನರ ಮಾತಂದ್ರೆ ಮಾತು. ಅವನು ಅದಕ್ಕೆ ಕಟ್ಟುಬಿದ್ದಿದಾನೆ."

ಬೆಳಿಗ್ಗೆಯ ಮಾತನ್ನು ಮಧ್ಯಾಹ್ನ ಅದಲುಬದಲು ಮಾಡಿಕೊಂಡ ಇಬ್ಬರೂ ಸಂಜೆಯವರೆಗೆ ಜಗಳವಾಡಿದರು.

ಸಂಜೆ ಆಲ್ಗೋಟ್ ಶಿಳ್ಳೆ ಹಾಕುತ್ತ ಸೂಟ್‌ಕೇಸು ತುಂಬುತ್ತಿದ್ದ. ಹೆಂಡತಿ ಹಿಲ್ದುರ್ ಬೆಳಿಗ್ಗೆಯಿಂದ ಸಭಾಂಗಣದ ಅಡುಗೆಮನೆಯಲ್ಲಿ ಕಾಫಿ ಕಾಯಿಸಿ ಸೋತು ಕಾಲು ಚಾಚಿ ಕೂತಿದ್ದಳು.

"ಏನ್ರೀ ಅದು ಗಲಾಟೆ? ಒಳಗೆ ಪಾತ್ರೆ ಸದ್ದಲ್ಲಿ ಏನೂ ಕೇಳಿಸ್ಲಿಲ್ಲ."

ಆಲ್ಗೋಟ್ ಎದೆಯುಬ್ಬಿಸಿ ಬಟ್ಟಲುಗಳ ಕತೆಯನ್ನೆಲ್ಲ ಹೇಳಿದ. ಕೇಳುತ್ತ ಕೇಳುತ್ತ ಹಿಲ್ದುರ್ ಚಾಚಿದ ಕಾಲನ್ನು ಮಡಚಿಕೊಂಡಳು.

"ಅಡುಗೆಮನೆ ಬಾಗಿಲ ಹತ್ರ, ಪರದೆ ಹಿಂದೆ ಇದ್ವಲ್ಲ, ಆ ಬಟ್ಟಲಾ?"

"ಹೂಂ, ಯಾಕೆ?"

"ಕಾಫಿ ತರೋವಾಗ ನೋಡಿದ್ರೆ ನೀಲೀದು ತುಂಬಿ ಚೆಲ್ತಾ ಇತ್ತು, ಹಳದೀದು ಹೆಚ್ಚೂಕಡಿಮೆ ಬರಿದು. ನಾಲ್ಕು ಜನ ಬರೋ ಕಡೆ ಹಾಗಿಡ್ತಾರಾ ಅಂತ ಅರ್ಧ ಹಳದೀದಕ್ಕೆ ಸುರಿದೆ. ಮುದುಕರು ಸಕ್ಕರೆ ಸಕ್ಕರೆ ಅಂತ ಕೂಗ್ತಿದ್ರು. ನೀಲೀದನ್ನ ಎರಡು ಸುತ್ತು ಹಂಚಿ ವಾಪಸ್ ಇಟ್ಟೆ."

ಶಿಳ್ಳೆ ನಿಂತುಹೋಯಿತು. "ಅದು ವೋಟು ಕಣೇ, ಹಿಲ್ದುರ್."

"ನಂಗ್ಯಾರು ಹೇಳಿದ್ರು? ಊರಿಗೆಲ್ಲ ಕೇಳಿದ್ರಿ, ನನ್ನನ್ನ ಒಂದು ಮಾತು ಕೇಳಿದ್ರಾ?"

ಆಲ್ಗೋಟ್ ಮಂಚದ ಮೇಲೆ ಕುಸಿದ. ಮೆಲ್ಲಗೆ ಕೇಳಿದ. "ನೀನು ಸುರಿಯೋಕೆ ಮುಂಚೆ ಹಳದೀಲಿ ಎಷ್ಟಿತ್ತು?"

"ಒಂದೇ ಒಂದು. ಪಾಪ, ತಬ್ಬಲಿ ಥರ ತಳದಲ್ಲಿ ಕೂತಿತ್ತು."

ಆ ಒಂದನ್ನು ಹಾಕಿದ ಕೈ ತನ್ನದೇ ಎಂದು ಆಲ್ಗೋಟನಿಗೆ ಗೊತ್ತಿತ್ತು. ಹಾಗಾದರೆ ವಾಲ್ಬೋರಿ ಟೀಚರೂ ನೀಲಿಗೇ. ಬಲಕ್ಕೆ ಹೋಗೋಣ ಎನ್ನುತ್ತಿದ್ದವರೂ ಒಬ್ಬರುಳಿಯದೆ ನೀಲಿಗೇ. ಎಡವೋ ಬಲವೋ, ಅವನ ಬುದ್ಧಿಯ ಕೈಗೆ ಮಾತ್ರ ಕೊಡುವುದು ಬೇಡ ಎಂದು ಇಡೀ ಊರು ಒಮ್ಮತದಿಂದ ಹೇಳಿತ್ತು. ಅವನಿಗೆ ನಿಜವಾಗಿಯೂ ನೋವಾಯಿತು. ಈಗ ನಿಜ ಹೇಳಿದರೆ ನಗೆಪಾಟಲು, ಸುಮ್ಮನಿದ್ದರೆ ವಂಚನೆ.

"ನೀನಾಗಿದ್ರೆ ಯಾವ ಬಟ್ಟಲಿಗೆ ಹಾಕ್ತಿದ್ದೆ?" ಎಂದು ಕೇಳಿದ.

ಹಿಲ್ದುರ್ ಸೂಟ್‌ಕೇಸಿನೊಳಗೆ ಇಣುಕಿದಳು. "ಎರಡೂ ಎಡಗಾಲಿನ ಬೂಟೇ ಇಟ್ಕೊಂಡಿದೀರಿ. ಮೊದಲು ಒಂದನ್ನ ಬದಲಾಯ್ಸಿ, ಆಮೇಲೆ ಕೇಳಿ."

ಆಲ್ಗೋಟ್ ಬೂಟು ಬದಲಾಯಿಸಲಿಲ್ಲ. ಬಾಗಿಲ ಮೊಳೆಗೆ ರಗ್ನಾರ್ ತೂಗುಹಾಕಿ ಹೋಗಿದ್ದ ಏಪ್ರನ್ನನ್ನು ತೆಗೆದು, ಸುಮ್ಮನೆ ನೋಡೋಣವೆಂದು ಕೊರಳಿಗೆ ಹಾಕಿ ಸೊಂಟಕ್ಕೆ ಕಟ್ಟಿಕೊಂಡ. ಅಳತೆ ಸರಿಯಾಗಿತ್ತು.