ನೆತ್ತಿಗೆ ಸವರಿದ ತೀರ್ಥ

ಎಲ್ಲ ತಾಪತ್ರಯಕ್ಕೂ ಮೂಲ, ಸೀಸೆಯ ಮೇಲೆ ಬೊಂಬೆ ಇಲ್ಲದಿದ್ದದ್ದು.

ಹಡಗಿನ ಕೆಲಸದಲ್ಲಿದ್ದ ಅಕ್ಕನ ಮಗ ಕದಿರೇಶ ತಂದುಕೊಟ್ಟ ಸ್ಕಾಟ್‌ಲೆಂಡಿನ ವಿಸ್ಕಿಯನ್ನು ಕೋದಂಡರಾಮಪ್ಪನವರು ಹಳೇ ಪಂಚೆಯಲ್ಲಿ ಸುತ್ತಿ ಅಕ್ಕಿ ಡಬ್ಬಿಯಲ್ಲಿ ಹೂತಿಟ್ಟಿದ್ದರು. ಅವರೇನೂ ಹನಿ ಮುಟ್ಟಿದವರಲ್ಲ. ಶ್ರೀನಿವಾಸಪುರದ ಕಚೇರಿಯಲ್ಲಿ ಗುಮಾಸ್ತೆ. ಸಂಜೆ ದೇವಸ್ಥಾನದಲ್ಲಿ ಯಾರಾದರೂ ಭಾರತ ವಾಚಿಸಿದರೆ ಕಂಬಕ್ಕೊರಗಿ ಕೇಳುವುದೇ ಅವರಿಗೆ ಅಮಲು. ಹೆಂಡತಿ ಭಾರತಮ್ಮ ಕೋಲಾರದಲ್ಲಿ ಶಾಲೆ ಮೇಡಂ. ಶನಿವಾರ ಇವರು ಕೋಲಾರದ ಬಸ್ಸು ಹಿಡಿದರೆ ಒಂದು ನೆಟ್ಟಗಿನ ಊಟ. ಮಿಕ್ಕ ದಿನವೆಲ್ಲ ತಾವೇ ತಿರುವಿದ ಗಂಟುಗಂಟು ಮುದ್ದೆ. ಕೋಲಾರಕ್ಕೆ ವರ್ಗವಾಗಬೇಕಾದರೆ ಮೇಲಿನ ಸಾಹೇಬರು ಅಶ್ವತ್ಥಪ್ಪನವರು ಒಲಿಯಬೇಕು. ಅವರು ಒಲಿಯುವುದು ಫಾರಿನ್ ಸೀಸೆಗೆ.

ರಜೆ ಹಾಕಿ ಹೊರಟ ಬೆಳಿಗ್ಗೆ, ವಠಾರದ ಮಾವಿನ ದಲ್ಲಾಳಿ ಮುನಿರಾಮಪ್ಪನ ಕಣ್ಣಿಗೆ ಸೀಸೆ ಬಿತ್ತು.

"ಇದೇನ್ ಸ್ವಾಮಿ, ಕುದುರೇನೂ ಇಲ್ಲ, ಕೋಲು ಹಿಡಿದ ದೊರೇನೂ ಇಲ್ಲ! ಬರೀ ಬಿಳೀ ಚೀಟಿ?"

"ಒಂದೇ ಭಟ್ಟಿಯ ಮಾಲಂತಪ್ಪ, ಸಿಂಗಲ್ ಮಾಲ್ಟು. ಅಲ್ಲಿಂದ ಒಬ್ಬ ವರ್ತಕ ಪೀಪಾಯಿ ಕೊಂಡು, ಏನೂ ಬೆರೆಸ್ದೆ, ತಾನೇ ಸೀಸೆಗೆ ತುಂಬಿ ತನ್ನ ಹೆಸರು ಹಾಕ್ತಾನಂತೆ. ಕದಿರೇಶ ಹೇಳ್ದ."

"ಹಂಗಂದ್ರೆ ದಲ್ಲಾಳಿ ಮಾಲು! ಯಾರದೋ ತೋಪಿನ ಹಣ್ಣಿಗೆ ನನ್ನ ಚೀಟಿ ಅಂಟಿಸೋದೇ ನನ್ನ ಕಸುಬು ಸ್ವಾಮಿ, ಅದಕ್ಕೇ ನಂಬಲ್ಲ. ಒಂದ್ ಹಣ್ಣು ಕೊಯ್ದು ನೋಡ್ದೆ ಯಾರಾದ್ರೂ ಲೋಡು ತಗೋತಾರಾ? ಬಿಚ್ಚಿ!"

ಬಿರಡೆ ಬಿಚ್ಚಿತು. ಮುನಿರಾಮಪ್ಪ ಲೋಟಕ್ಕೆ ಬಗ್ಗಿಸಿಕೊಂಡು ಗುಟುಕರಿಸಿ, ಹರಳೆಣ್ಣೆ ಕುಡಿಸಿದ ಮಗುವಿನಂತೆ ಮುಖ ಕಿವುಚಿದ; ಮಾತು ತೆಲುಗಿಗೆ ಹೊರಳಿತು.

"ಅಬ್ಬಾ! ಏಂ ವಾಸನಯ್ಯಾ ಇದಿ! ಒಲೆ ಹೊಗೆಗೆ ಟಿಂಚರ್ ಸುರಿದಂಗೈತೆ. ಸಾಹೇಬ್ರು ಕುಡಿದು ಆಸ್ಪತ್ರೆ ಸೇರಿದ್ರೆ ನಿಮ್ಮನ್ನ ಕೋಲಾರದ ಜೈಲಿಗೇ ವರ್ಗ ಮಾಡ್ತಾರೆ!" ಎಂದವನು, ಖಾತ್ರಿಗೆಂದು ಇನ್ನೊಂದು ಲೋಟ ಏರಿಸಿದ.

ಕೋದಂಡರಾಮಪ್ಪನವರು ಸೀಸೆಯನ್ನೇ ದಿಟ್ಟಿಸಿದರು. ತಾವೇ ನೋಡಬೇಕು, ಬೇರೆ ದಾರಿಯಿಲ್ಲ. ಲೋಟ ಮೈಲಿಗೆಯಾದೀತೆಂದು ಅಂಗೈ ಒಡ್ಡಿದರು. ಆ ಅಂಗೈಗೆ ಜನ್ಮದಲ್ಲಿ ಗೊತ್ತಿದ್ದದ್ದು ಒಂದೇ ಕೆಲಸ. ಅದು ತಾನಾಗಿ ಗುಳಿಯಾಯಿತು. ಕಣ್ಣು ತಾವಾಗಿ ಮುಚ್ಚಿದವು. ಸೊರ್ರೆಂದು ಹೀರಿ, ಒದ್ದೆ ಕೈಯನ್ನು ಭಕ್ತಿಯಿಂದ ನೆತ್ತಿಗೆ ಸವರಿಕೊಂಡರು. ತೀರ್ಥವೆಂದರೆ ಮೂರು ಸಲವಲ್ಲವೆ? ಕೈ ಮತ್ತೆ ಮತ್ತೆ ಮುಂದೆ ಬಂತು.

ಮನೆಯೊಡತಿ ಆಂಜಿನಮ್ಮ ಬಾಗಿಲಿಂದಲೇ ಕೂಗಿದಳು: "ಕೋದಂಡರಾಮಪ್ಪನೋರೇ, ತುಳಸಿ ತಂದ್ಕೊಡ್ಲಾ?"

ಗಂಟಲಲ್ಲಿ ಲಂಕಾದಹನವೇ ಆಗಿಹೋಯಿತು. ರುಚಿ ತಿಳಿಯಲಿಲ್ಲ, ಆದರೆ ಪ್ರಾಣ ಹೋಗಲಿಲ್ಲ. ಅಷ್ಟು ಸಾಕೆಂದು ಬಿರಡೆ ಒತ್ತಿ ಬಸ್ಸು ಹತ್ತಿದರು.

ಹಣೆಯಲ್ಲಿ ನಾಮ, ಅದರ ಮೇಲೆ ಭಟ್ಟಿ. ಪಕ್ಕದ ಮುದುಕಿ ಸೆರಗನ್ನು ಮೂಗಿಗೊತ್ತಿ ಎದ್ದು ಹೋದಳು. "ಹೊತ್ತಾರೇನೇ ಶುರುವಾ ಸ್ವಾಮಿ?" ಎಂದ ಕಂಡಕ್ಟರು. ಅವರು ಏಲಕ್ಕಿ ಅಗಿದರು, ಕೋಲಾರದಲ್ಲಿಳಿದು ಬಾಯಿ ಮುಕ್ಕಳಿಸಿದರು. ವಾಸನೆ ಬಾಯಲ್ಲಿದ್ದರಲ್ಲವೆ ಹೋಗಲು!

ಸಾಹೇಬರು ಊಟಕ್ಕೆ ಮನೆಗೆ ಬಂದಿದ್ದರು. ಬಾಗಿಲು ತೆರೆದ ಪತ್ನಿ ಶ್ಯಾಮಲಮ್ಮ ಬಂದವರನ್ನು ಒಮ್ಮೆ ಮೂಸಿ, ದುರುಗುಟ್ಟಿ ಒಳಗೆ ಹೋದರು. ಸಾಹೇಬರು ಚೀಟಿ ಓದಿ ಕಣ್ಣರಳಿಸಿದರು. "ಇಂಥದ್ದು ಕಾಸು ಕೊಟ್ರೂ ಸಿಕ್ಕಲ್ಲ ಕಣ್ರೀ!" ಆಮೇಲೆ ಸಡಿಲವಾದ ಬಿರಡೆಯನ್ನೂ ತಗ್ಗಿದ ಮಟ್ಟವನ್ನೂ ನೋಡಿದರು.

ಕೋದಂಡರಾಮಪ್ಪನವರು ದಡಕ್ಕನೆ ಕಾಲಿಗೆರಗಿದರು. ಎತ್ತಲು ಬಗ್ಗಿದ ಸಾಹೇಬರು, ಪುರಾಣದ ತಂದೆ ಮಗನ ನೆತ್ತಿ ಮೂಸುವಂತೆ, ದೀರ್ಘವಾಗಿ ಉಸಿರೆಳೆದುಕೊಂಡರು.

"ಆಹಾ! ಹಗಲಲ್ಲೇ! ಅದೂ ನೆತ್ತೀವರೆಗೆ!" ಎಂದು ತಬ್ಬಿಕೊಂಡು ದನಿ ತಗ್ಗಿಸಿದರು. "ಈ ಮನೇಲಿ ಒಂದ್ ತೊಟ್ಟು ಬಿಡಲ್ಲ ಕಣ್ರೀ ಇವಳು. ಜೊತೆಗೆ ಕೂರೋಕೆ ಒಬ್ಬ ರಸಿಕ ಇಲ್ವಲ್ಲಾ ಅಂತ ಕೊರಗ್ತಿದ್ದೆ."

"ಸಾರ್, ನನ್ನ ವರ್ಗ..."

"ವರ್ಗಾನಾ? ಹೆಂಡ್ತಿ ಇರೋ ಊರಿಗೆ ಬಂದು ನೀವೂ ನನ್ನಂಗೆ ಒಣಗಬೇಕಾ? ಶ್ರೀನಿವಾಸಪುರದಿಂದ ನಿಮ್ಮನ್ನ ಯಾರು ಕದಲಿಸ್ತಾರೋ ನೋಡ್ತೀನಿ! ಇನ್ಮೇಲೆ ಪ್ರತಿ ಶನಿವಾರ ನಿಮ್ಮೂರಲ್ಲೇ ನನ್ನ ತಪಾಸಣೆ. ಸೀಸೆ ನಿಮ್ಮನೇಲೇ ಇರ್ಲಿ."

ಸೀಸೆ ಮತ್ತೆ ಚೀಲ ಸೇರಿತು. ಸಂಜೆ ಶಾಲೆಯಿಂದ ಬಂದ ಭಾರತಮ್ಮ, ತಮ್ಮ ಮನೆಯ ಮೆಟ್ಟಿಲ ಮೇಲೆ ಚೀಲ ತಬ್ಬಿ ಕೂತಿದ್ದ ಗಂಡನ ಹತ್ತಿರ ಬಂದು ಮೂಗರಳಿಸಿದರು. ಚೀಲದೊಳಗೊಮ್ಮೆ ಇಣುಕಿದರು. ಗಂಡ ಬಾಯಿ ತೆರೆಯುವ ಮೊದಲೇ ಒಳಗೆ ಹೋಗಿ ಅಗುಳಿ ಹಾಕಿಕೊಂಡರು.

"ಇವತ್ತು ನಿಮ್ಮ ಹತ್ರ ಮಾತಾಡಿ ಪ್ರಯೋಜನ ಇಲ್ಲ. ಅಮಲು ಇಳಿದ ಮೇಲೆ ಬನ್ನಿ," ಎಂದು ಬಾಗಿಲ ಹಿಂದಿನಿಂದ ಕೇಳಿಬಂತು. "ಹೆಂಗೂ ಶನಿವಾರ ಬರ್ತೀರಲ್ಲ!"