ಮಾವ ಓದಿ ಸಹಿ ಹಾಕಿದ ಕಾಗದ

ನಮ್ಮ ಸೋದರಮಾವ ಮೂಡಲಗಿ ಸುತ್ತಮುತ್ತ ಎಷ್ಟೋ ವರ್ಷಗಳಿಂದ ಕಟ್ಟಡದ ಗುತ್ತಿಗೆದಾರರು. ಆದರೂ ಅವರಿಗೆ ಆ ಕಸುಬು ಬರುವುದಿಲ್ಲ ಎಂದು ನಾನು ಧೈರ್ಯವಾಗಿ ಹೇಳಬಲ್ಲೆ. ಅವರ ಸೈಟು ನೋಡಿಕೊಳ್ಳುವವನು ನಾನೇ ಅಲ್ಲವೇ? ಕಟ್ಟುವುದು ಚೆನ್ನಾಗಿಯೇ ಬರುತ್ತದೆ. ಬಾರದ್ದು, ಕಾಗದಕ್ಕೆ ಸಹಿ ಹಾಕಿ ಮರೆತುಬಿಡುವುದು.

ಆದದ್ದಿಷ್ಟು. ಗೋಕಾಕದಲ್ಲಿ ಗುತ್ತಿಗೆದಾರರ ಸಭೆ ಇತ್ತು. ಊಟಕ್ಕೆ ಮುಂಚೆ ಎಲ್ಲರ ಕೈಗೂ ಒಂದೊಂದು ನೀತಿಸಂಹಿತೆ ಕೊಟ್ಟರು. ಅಧಿಕಾರಿಗಳಿಗೆ ಉಡುಗೊರೆ ಕೊಡಬಾರದು, ಕೆಲಸದ ತಪ್ಪು ಮುಚ್ಚಿಡಬಾರದು, ಹೀಗೆ. ಕಾನೂನೇನಲ್ಲ, ಮನಸ್ಸಿದ್ದವರು ಒಪ್ಪಬಹುದು. ಹೋಳಿಗೆ ತಣ್ಣಗಾಗುತ್ತದೆಂದು ಎಲ್ಲರೂ ಓದದೇ ಸಹಿ ಹಾಕಿದರು. ಮಾವ ಕನ್ನಡಕ ಏರಿಸಿ ಪೂರ್ತಿ ಓದಿ ಹಾಕಿದರು. ಅಷ್ಟರಲ್ಲಿ ಹೋಳಿಗೆ ಮುಗಿದಿತ್ತು.

ಮರುವಾರ ಕುಲಗೋಡದಲ್ಲಿ ನಾವು ಕಟ್ಟುತ್ತಿದ್ದ ಸರಕಾರಿ ಶಾಲೆ ನೋಡಲು ಎಂಜಿನಿಯರ್ ಸಾಹೇಬರು ಬಂದರು. ಉರಿಬಿಸಿಲು. ನಾನು ಚಹಾ ತರಿಸಲು ಹೊರಟರೆ ಮಾವ ತೋಳು ಹಿಡಿದರು.

"ಚಹಾ ಉಡುಗೊರಿ ಆಗತೈತೇನು?"

"ಚಹಾ ಚಹಾನ ಆಗತೈತ್ರಿ, ಮಾವಾರ."

ಬಹಳ ಯೋಚಿಸಿ ಒಂದು ತಂಬಿಗೆ ನೀರು ಕೊಟ್ಟರು. ಸಾಹೇಬರು ಕುಡಿದು, ನನ್ನನ್ನು ಪಕ್ಕಕ್ಕೆ ಕರೆದು, "ನಿಮ್ಮ ಮಾವಗ ನನ್ನ ಮ್ಯಾಲ ಸಿಟ್ಟೈತೇನ್ರಿ?" ಎಂದರು. ಸಹಿ ಹಾಕಿದ ಕಾಗದದ ಸಂಗತಿ ಆಗಿನ್ನೂ ನನಗೂ ಗೊತ್ತಿರಲಿಲ್ಲ. ಸಾಹೇಬರು ವರಾಂಡದ ಬೀಮು ನೋಡಿ ಪಾಸ್ ಮಾಡಿ ಹೋದರು.

ಎರಡು ದಿನ ಕಳೆದು ನೋಡಿದರೆ, ಮಾವ ಅದೇ ಬೀಮನ್ನು ಸುತ್ತಿಗೆಯಿಂದ ಬಡಿದು ಕಿವಿಗೊಟ್ಟು ನಿಂತಿದ್ದಾರೆ. ಕಾಂಕ್ರೀಟನ್ನು ಅಲುಗಾಡಿಸಿ ಗಟ್ಟಿಯಾಗಿ ಕೂರಿಸುವ ಯಂತ್ರ ಬೀಮು ಹಾಕಿದ ದಿನ ನಡುವೆಯೇ ಕೆಟ್ಟಿತ್ತು. ಒಳಗೆ ಟೊಳ್ಳು ಉಳಿದಿತ್ತು. ಮೇಲೆ ಸಿಮೆಂಟಿನ ಗಿಲಾವು ಬಳಿದುಬಿಟ್ಟರೆ ಯಾರಿಗೂ ಕಾಣುತ್ತಿರಲಿಲ್ಲ.

"ಒಡೀರಿ," ಅಂದರು ಮಾವ.

ಮೇಸ್ತ್ರಿ ನನ್ನ ಮುಖ ನೋಡಿದ, ನಾನು ಮೇಸ್ತ್ರಿಯ ಮುಖ ನೋಡಿದೆ. ಒಡೆದದ್ದೂ ಆಯಿತು. ಸಾಲದ್ದಕ್ಕೆ ಮಾವ ತಪ್ಪೊಪ್ಪಿಕೊಂಡು ಸಾಹೇಬರ ಕಚೇರಿಗೆ ಅರ್ಜಿ ಬರೆದರು. ಗುಮಾಸ್ತರು ಅದನ್ನು ಹಿಂದೆ ಮುಂದೆ ತಿರುವಿ ನೋಡಿ, "ನಿಮ್ಮ ಮ್ಯಾಲ ನೀವ ತಕರಾರು ಕೊಟ್ರ ಯಾವ ಫೈಲಿಗೆ ಹಾಕೂದ್ರಿ?" ಎಂದು ಕೇಳಿದರು. ಅರ್ಜಿ ಮೂರು ಟೇಬಲ್ಲು ಸುತ್ತಿ ಮನೆಗೇ ವಾಪಸ್ ಬಂತು.

ಉಳಿದ ಗುತ್ತಿಗೆದಾರರು ಚಹಾದಂಗಡಿಯಲ್ಲಿ ಮಾವನಿಂದ ದೂರ ಕೂರತೊಡಗಿದರು. "ನಾವೂ ಸಹಿ ಹಾಕೇವಿ, ಏನರೆ ಒಡದೇವೇನು?" ನನಗೂ ಸಿಟ್ಟು ಬಂತು.

"ಯಾರು ಬಂದು ನೋಡ್ತಿದ್ರು ಮಾವಾರ? ತಪ್ಪಿದ್ರ ಶಿಕ್ಷಾನೂ ಇಲ್ಲ."

"ನನಗೂ ತಿಳೀವಲ್ತು ತಮ್ಮಾ," ಅಂದರು. "ಓದಿದ ಮ್ಯಾಲ ಸುಮ್ನಿರಾಕ ಆಗವಲ್ತು."

ಹೊಸ ಬೀಮು, ಅದರ ಮೇಲೆ ಸ್ಲ್ಯಾಬು, ಎಲ್ಲ ಆಗಿ ಆಸರೆಯ ಕಂಬ ಬಿಚ್ಚಿದ ದಿನ ನಾವು ಅಂಗಳದಲ್ಲಿ ನಿಂತು ಮೇಲೆ ನೋಡುತ್ತಿದ್ದೆವು. ಮಾವ ಚಪ್ಪಲಿ ಬಿಟ್ಟು ವರಾಂಡಕ್ಕೆ ಹೋಗಿ, ಸರಿಯಾಗಿ ಬೀಮಿನ ಕೆಳಗೆ ಚಕ್ಕಳಮಕ್ಕಳ ಹಾಕಿ ಕೂತರು.

"ಮಾವಾರ, ಏನ್ ಮಾಡಾಕತ್ತೀರಿ? ಈಚೆ ಬರ್ರಿ."

"ಹುಡುಗ್ರು ಬಿಸಿಯೂಟಕ್ಕ ಇಲ್ಲೇ ಕುಂದರ್ತಾವು. ಮೊದಲ ನಾ ಕುಂತು ನೋಡ್ತೇನಿ."

ಹತ್ತಿರ ಹೋದಾಗಲೇ ಕಂಡದ್ದು: ತೊಡೆಯ ಮೇಲಿಟ್ಟ ಅವರ ಕೈ ಧೋತರದ ಅಂಚನ್ನು ಗಟ್ಟಿಯಾಗಿ ಹಿಡಿದುಕೊಂಡಿತ್ತು. ನಾನೂ ಚಪ್ಪಲಿ ಬಿಟ್ಟು, ಪಕ್ಕದಲ್ಲಿ ಕೂತು ಆ ಕೈ ಹಿಡಿದುಕೊಂಡೆ.