ದೇವರ ಪಾಲಿನ ಹುಂಜ

ಹೆಂಡತಿ ಗುಣವತಿಯ ಹೇಂಟೆ ಹತ್ತು ಮರಿ ಮಾಡಿದ್ದೇ ಸದಾನಂದನ ಗ್ರಹಚಾರಕ್ಕೆ ಮೂಲ. "ಹತ್ತರಲ್ಲೊಂದು ದೇವರದ್ದು. ದಶಮಾಂಶ ಕೊಡದೆ ತಿಂದರೆ ಮೈಗೆ ಹತ್ತುವುದಿಲ್ಲ" ಎಂದು ಅವಳು, ಮರಿಗಳು ಬೆಳೆದ ಮೇಲೆ, ಎಲ್ಲಕ್ಕಿಂತ ಕೊಬ್ಬಿದ ಹೇಂಟೆಯ ಕಾಲಿಗೆ ಕೆಂಪು ದಾರ ಕಟ್ಟಿದಳು. ಸುಗ್ಗಿ ಹಬ್ಬದ ಭಾನುವಾರ ಅದು ಚರ್ಚಿಗೆ. ಆರಾಧನೆ ಮುಗಿದ ಮೇಲೆ ಅಂಗಳದಲ್ಲಿ ಏಲಂ, ಬಂದ ಹಣ ದೇವರ ಕೆಲಸಕ್ಕೆ.

ಆದರೆ ಹತ್ತರಲ್ಲಿ ಒಂದು ಹುಂಜವೂ ಇತ್ತಲ್ಲ! ಮದ್ರಾಸಿನ ವೆಸ್ಟ್ ಮಾಂಬಲಂನ ಆ ಗಲ್ಲಿಯಲ್ಲಿ ಮೊದಲ ರೈಲಿಗಿಂತ ಮುಂಚೆ ಕೂಗುವ ಪ್ರಾಣಿ ಅದೊಂದೇ. ಮಹಡಿಯಲ್ಲಿ ಮನೆ ಓನರ್ ಪರಮೇಶ್ವರಪ್ಪ ಲಿಂಗಪೂಜೆಗೆ ಕಣ್ಣು ಮುಚ್ಚಿದರೆ ಸಾಕು, ಕಿಟಕಿಯ ಕೆಳಗೆ ಕೊಕ್ಕೊಕ್ಕೋ!

ಶನಿವಾರ ಅವರು ಇಳಿದೇ ಬಂದರು. "ಪೋದುಂ ಸದಾನಂದ್, ಸಾಕಾಗೇತಿ! ನಾಳೆ ಸಂಜಿ ಒಳಗ ಈ ಹುಂಜ ಹೋಗಬೇಕು. ಇಲ್ಲಂದ್ರ ಮನೆ ಖಾಲಿ ಮಾಡ್ರಿ."

ಸದಾನಂದ ತಲೆ ಕೆರೆದುಕೊಂಡ. ಕೋಳಿ ತಿನ್ನುವವರಿಗೆ ಮದ್ರಾಸಿನಲ್ಲಿ ಮನೆ ಸಿಗುವುದೆಂದರೆ ತಮಾಷೆಯೇ? ಕೊಯ್ಯೋಣವೆಂದರೆ ಹುಂಜ ಗುಣವತಿಯ ಮುದ್ದಿನ ಕಣ್ಮಣಿ. ಯೋಚಿಸಿ ಯೋಚಿಸಿ, ಬೆಳಗ್ಗೆ ಅವಳು ಸ್ನಾನಕ್ಕೆ ಹೋದಾಗ ದಾರ ಬಿಚ್ಚಿ ಹುಂಜದ ಕಾಲಿಗೆ ಕಟ್ಟಿ, ಅದನ್ನು ಚೀಲಕ್ಕೆ ತುರುಕಿದ. ಓನರಿಗೂ ಖುಷಿ, ದೇವರಿಗೂ ಖುಷಿ, ಕೊಬ್ಬಿದ ಹೇಂಟೆ ತನ್ನ ಹೊಟ್ಟೆಗೆ! ತನ್ನ ಬುದ್ಧಿಗೆ ತಾನೇ ತಲೆದೂಗಿದ.

"ನಾನೂ ಬರ್ತೀನ್ರಿ. ಅದು ಹೋಗೋದು ಕಣ್ಣಾರೆ ನೋಡಬೇಕು" ಎಂದು, ಸದಾನಂದನಿಂದ ಗುಟ್ಟಾಗಿ ವಿಷಯ ತಿಳಿದ ಪರಮೇಶ್ವರಪ್ಪನವರೂ ಗಂಡಹೆಂಡಿರ ಜೊತೆ ಜಟಕಾ ಹತ್ತಿದರು. ದಾರಿಯಲ್ಲಿ ಚೀಲ ಕೂಗಿತು, ಕುದುರೆ ಬೆಚ್ಚಿ ಬಾಳೆಹಣ್ಣಿನ ಗಾಡಿಗೆ ನುಗ್ಗಿತು. ಗಾಡಿಯವನ ತಮಿಳು ಬೈಗುಳವನ್ನೆಲ್ಲ ಸದಾನಂದ ನಗುನಗುತ್ತಾ ನುಂಗಿದ. ಇವತ್ತೊಂದು ದಿನ ತಾನೆ!

"ಈ ಹೇಂಟೆ ಎಂತದು ಮಾರಾಯ್ರೆ, ಹುಂಜನ ಹಾಗೆ ಕೂಗ್ತದೆ?" ಎಂದು ಗುಣವತಿ ಹುಬ್ಬೇರಿಸಿದಳು.

"ಗಾಬರಿಗೆ ಸ್ವರ ಒಡೆದಿದೆ ಮಾರಾಯ್ತಿ" ಎಂದ.

ಚರ್ಚಿನಲ್ಲಿ ಅವಳು ಹೆಂಗಸರ ಕಡೆ ಹೋದದ್ದೇ ಇವನಿಗೆ ಜೀವ ಬಂತು. ಹಿಂದಿನ ಬೆಂಚಿನಲ್ಲಿ ಓನರ್ ಪಕ್ಕ ಚೀಲ ಹಿಡಿದು ಕೂತ. ಸಭಾಪಾಲಕರ ಪ್ರಸಂಗವೂ ದಶಮಾಂಶದ ಮೇಲೆಯೇ. "ದೇವರ ಪಾಲಿನಲ್ಲಿ ಮೋಸ ಮಾಡಿದವರು ಈ ಸಭೆಯಲ್ಲಿ ಯಾರಾದರೂ ಇದ್ದೀರಾ?" ಎಂದು ಗುಡುಗಿದರು.

"ಕೊಕ್ಕೊಕ್ಕೋ!"

ಸಭೆಗೆ ಸಭೆಯೇ ತಿರುಗಿತು. ಸದಾನಂದ ಪ್ರಾರ್ಥಿಸುವವನಂತೆ ತಲೆ ತಗ್ಗಿಸಿದ. "ಜವಾಬು ಕೊಡ್ತೈತಿ ನೋಡ್ರಿ" ಎಂದರು ಪರಮೇಶ್ವರಪ್ಪ, ಪಿಸುದನಿಯಲ್ಲಿ.

ಏಲಂನಲ್ಲಿ ಹುಂಜ ಹೊರಬಂದಾಗ ಗುಣವತಿ "ಅಯ್ಯೋ ನನ್ನ ರಾಜಾ!" ಎಂದು ಚೀರಿದಳು. ಬ್ರಹ್ಮಚಾರಿಗಳಿಗೆ ಮೆಸ್ ನಡೆಸುವ ಬಾಬು ಅದರ ತೊಡೆ ಒತ್ತಿ ನೋಡಿ, "ಭಾರೀ ಲಾಯ್ಕುಂಟು! ಇವತ್ತು ಕೋಳಿ ರೊಟ್ಟಿಯೇ" ಎಂದು ಬೆಲೆ ಕೂಗಿದ.

ಪರಮೇಶ್ವರಪ್ಪನವರ ಮುಖ ವಿಭೂತಿಗಿಂತ ಬಿಳಿಚಿತು. "ಏನ್ರಿ, ಕೊಲ್ತಾರೇನು?"

"ಮತ್ತೆ ಮದುವೆ ಮಾಡಿಸ್ತಾರಾ ಸಾರ್?" ಎಂದ ಸದಾನಂದ, ಹಿಗ್ಗಿ ಹೀರೇಕಾಯಿಯಾಗಿ.

"ಶಿವ ಶಿವಾ! ನನ್ನಿಂದ ಒಂದು ಜೀವ ಹೋಗೋದಾ?" ಅವರ ಕೈ ಮೇಲೆದ್ದಿತು. ಬಾಬು ಏರಿಸಿದ, ಅವರೂ ಏರಿಸಿದರು. "ಈ ರೇಟಿಗೆ ಆಡೇ ಬರ್ತದೆ ಮಾರಾಯ್ರೆ!" ಎಂದು ಬಾಬು ಕೈಚೆಲ್ಲಿದ. ಸಭೆ ಚಪ್ಪಾಳೆ ತಟ್ಟಿತು.

ಗುಣವತಿ ಗಂಡನನ್ನು ಮೂಲೆಗೆಳೆದು, "ದೇವರಿಗೇ ಟೋಪಿ ಹಾಕ್ತೀರಾ? ಆ ಹೇಂಟೆ ಬರುವ ಭಾನುವಾರ ಇಲ್ಲಿಗೇ ಬರ್ತದೆ. ನಿಮಗೆ ಸಾರೂ ಇಲ್ಲ, ಮೂಳೆಯೂ ಇಲ್ಲ" ಎಂದಳು.

ಹೇಂಟೆ ಹೋದರೆ ಹೋಗಲಿ, ಮನೆ ಉಳಿಯಿತಲ್ಲ! ಹಾಗೆಂದು ಉಸಿರುಬಿಡುವಷ್ಟರಲ್ಲಿ ಪರಮೇಶ್ವರಪ್ಪ ಬಂದು ಹುಂಜವನ್ನು ಅವನ ಕೈಗಿಟ್ಟರು.

"ನಮ್ಮ ಮನಿಯೊಳಗ ಕೋಳಿ ಇಡಂಗಿಲ್ರಿ. ನಿಮ್ಮಲ್ಲೇ ಇರಲಿ."

"ಸಾರ್! ಬೆಳಗ್ಗೆ ಕೂಗ್ತದಲ್ಲ?"

"ಕೂಗಲಿ ಬಿಡ್ರಿ! ಈಗ ಅದು ನಂದು. ಕೇಳಿದ್ರ, ಕಂಠ ಛಲೋ ಐತಿ." ಅವರು ಹುಂಜದ ಬೆನ್ನು ಸವರಿ ಬೆರಳೆತ್ತಿದರು. "ದಿನಾ ಮುಂಜಾನೆ ನನಗ ಇದರ ದನಿ ಕೇಳಬೇಕು. ಒಂದು ದಿನ ಕೇಳಲಿಲ್ಲ ಅಂದ್ರ ಮನೆ ಖಾಲಿ ಮಾಡ್ರಿ!"